ಓದುಗರ ಪ್ರಶ್ನೆ: ದಾನಿಗಳ ಹಣ, ನಗರದ ಉದ್ಯಾನ

ಪ್ರಶ್ನೆ: ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕನ್ನು ಖಾಸಗಿ ಸಂಸ್ಥೆಯೊಂದು ನೋಡಿಕೊಳ್ಳುತ್ತಿದೆ ಎಂದು ಓದಿದೆ. ಹಾಗಾದರೆ ಅದು ಖಾಸಗಿಯವರ ಪಾಲಾದಂತೆಯೇ? ಅಷ್ಟು ಹಣ ಎಲ್ಲಿಂದ ಬರುತ್ತದೆ? ನಮ್ಮ ಕಬ್ಬನ್ ಪಾರ್ಕಿಗೂ ಆ ದಾರಿ ಹಿಡಿಯಬಹುದೇ?
- ಓದುಗರೊಬ್ಬರು, ಬೆಂಗಳೂರು

ಉತ್ತರ: ಖಾಸಗಿಯವರ ಪಾಲಾಗಿಲ್ಲ. 843 ಎಕರೆಯ ಆ ಉದ್ಯಾನದ ಒಡೆತನ ಇಂದಿಗೂ ನಗರಾಡಳಿತದ್ದೇ. ನಿಯಮಗಳನ್ನು ಗೊತ್ತುಮಾಡುವ ಅಧಿಕಾರವೂ ಅದರ ಉದ್ಯಾನ ಇಲಾಖೆಯದ್ದೇ. ಸೆಂಟ್ರಲ್ ಪಾರ್ಕ್ ಕನ್ಸರ್ವೆನ್ಸಿ ಎಂಬ ಲಾಭರಹಿತ ಸಂಸ್ಥೆಗೆ ವಹಿಸಿರುವುದು ನಿರ್ವಹಣೆಯನ್ನು ಮಾತ್ರ, ಅದೂ ಕರಾರಿನ ಮೇಲೆ.

1975ರಲ್ಲಿ ನ್ಯೂಯಾರ್ಕ್ ನಗರವೇ ದಿವಾಳಿಯ ಅಂಚಿಗೆ ಬಂದಿದ್ದಾಗ ಉದ್ಯಾನದ ಸಿಬ್ಬಂದಿಗೂ ಕತ್ತರಿ ಬಿತ್ತು. 15 ಎಕರೆಯ ಶೀಪ್ ಮೆಡೋ ಎಂಬ ಹುಲ್ಲುಗಾವಲು ಸಂಗೀತ ಕಛೇರಿಗಳ ಜನಜಂಗುಳಿಯ ತುಳಿತಕ್ಕೆ ಬರಿ ಮಣ್ಣಾಗಿತ್ತು. 1979ರಲ್ಲಿ ಎಲಿಜಬೆತ್ ಬಾರ್ಲೋ ಅವರನ್ನು ಉದ್ಯಾನದ ಮೊದಲ ಆಡಳಿತಾಧಿಕಾರಿಯಾಗಿ ನೇಮಿಸಲಾಯಿತು. ಮರುವರ್ಷ ಕನ್ಸರ್ವೆನ್ಸಿ ಹುಟ್ಟಿತು. ಉದ್ಯಾನದೊಳಗಿನ ಬೆಥೆಸ್ಡಾ ಟೆರೇಸ್ ಎಂಬ ಕಲ್ಲುಕಟ್ಟಡದ ಕಮಾನುಗಳ ಕೆಳಗಿನ ಚಾವಣಿಯಲ್ಲಿದ್ದ, ಇಂಗ್ಲೆಂಡಿನ ಮಿಂಟನ್ ಕಂಪನಿಯ 15,000ಕ್ಕೂ ಹೆಚ್ಚು ಹೆಂಚುಬಿಲ್ಲೆಗಳನ್ನು 1980ರ ದಶಕದಲ್ಲಿ ಕಳಚಿ ಇಟ್ಟಿದ್ದವರು, ಅವುಗಳನ್ನು ದುರಸ್ತಿ ಮಾಡಿಸಿ ಮತ್ತೆ ಸ್ವಸ್ಥಾನಕ್ಕೆ ಸೇರಿಸಿದ್ದು 2007ರಲ್ಲಿ. ಇಂಥ ಕೆಲಸಕ್ಕೆ ಒಂದು ಬಜೆಟ್ಟಿನ ಆಯುಷ್ಯ ಸಾಲುವುದಿಲ್ಲವೆಂಬುದು ಇದರಿಂದ ತಿಳಿಯುತ್ತದೆ.

ವೆಚ್ಚದ ಬಹುಪಾಲನ್ನು ದಾನಿಗಳಿಂದ ಕೂಡಿಸುವುದು ಕನ್ಸರ್ವೆನ್ಸಿಯೇ. 1998ರ ಕರಾರಿನಂತೆ ನಗರವು ಸಂಸ್ಥೆಗೆ ವಾರ್ಷಿಕ ಶುಲ್ಕ ಕೊಡಬೇಕಿತ್ತು, ಆದರೆ ಸಂಸ್ಥೆ ತಾನೆಷ್ಟು ಕೂಡಿಸಿ ಖರ್ಚು ಮಾಡಿತೆಂಬುದಕ್ಕೆ ತಕ್ಕಂತೆ. ಬೆಂಚೊಂದನ್ನು 'ದತ್ತು' ಪಡೆಯಲು ಹಣ ಕೊಟ್ಟವರಿಗೆ ಸಿಗುವುದು ಬೆನ್ನೊರಗಿನ ಮೇಲೆ ನಾಲ್ಕು ಸಾಲಿನ ಪುಟ್ಟ ಫಲಕವಷ್ಟೇ. ಬೆಂಚಿನ ಮೇಲೆ ಯಾರು ಬೇಕಾದರೂ ಕೂರಬಹುದು. ನನಗೆ ಇದಕ್ಕಿಂತ ಮುಖ್ಯವೆನಿಸುವುದು ಇನ್ನೊಂದು ಏರ್ಪಾಡು: 1990ರ ದಶಕದಲ್ಲಿ ಉದ್ಯಾನವನ್ನು 49 ವಲಯಗಳಾಗಿ ವಿಂಗಡಿಸಿ, ಒಂದೊಂದಕ್ಕೂ ಒಬ್ಬ ತೋಟಗಾರನನ್ನು ಹೊಣೆಯಾಗಿಸಿದರು. ಹುಲ್ಲು ಒಣಗಿದರೆ ಯಾರನ್ನು ಕೇಳಬೇಕೆಂಬುದು ಆಗ ಸ್ಪಷ್ಟವಾಯಿತು.

ಆಕ್ಷೇಪವಿಲ್ಲದಿಲ್ಲ. 2012ರಲ್ಲಿ ಜಾನ್ ಪಾಲ್ಸನ್ ಎಂಬ ಹೂಡಿಕೆದಾರರು 10 ಕೋಟಿ ಡಾಲರ್ ಕೊಟ್ಟಾಗ, ಸಿರಿವಂತರ ಮನೆಗಳು ಸುತ್ತುವರಿದ ಉದ್ಯಾನಕ್ಕೇ ಇಷ್ಟು ಹರಿದರೆ ಬಡವರ ಬಡಾವಣೆಯ ಪಾರ್ಕುಗಳ ಗತಿಯೇನೆಂದು ಅಲ್ಲಿನವರೇ ಕೇಳಿದರು. ಆ ಪ್ರಶ್ನೆ ನ್ಯಾಯವಾದದ್ದು.

ಕಬ್ಬನ್ ಪಾರ್ಕ್ ತೋಟಗಾರಿಕೆ ಇಲಾಖೆಯದು. ಸರಕಾರಿ ಉದ್ಯಾನಗಳ ರಕ್ಷಣೆಗೆಂದೇ 1975ರ ಕಾಯ್ದೆಯೂ ನಮ್ಮಲ್ಲಿದೆ. ಆದ್ದರಿಂದ ಪಾಲುದಾರಿಕೆಯ ಪ್ರಸ್ತಾಪ ಬಂದರೆ ನೀವು ಮೊದಲು ಕರಾರಿನ ಪ್ರತಿ ಕೇಳಿ: ಅವಧಿ ಎಷ್ಟು, ಲೆಕ್ಕಪತ್ರ ಸಾರ್ವಜನಿಕರಿಗೆ ಸಿಗುವುದೇ, ದಾನಿ ಹಿಂದೆ ಸರಿದ ವರ್ಷ ಮಾಲಿಗಳ ಸಂಬಳ ಯಾರು ಕೊಡುತ್ತಾರೆ ಎಂಬುದನ್ನು ಅದರಲ್ಲಿ ಹುಡುಕಿ.