ಗಂಡ ಹೆಂಡತಿ ಇಬ್ಬರೇ ಲಾರಿಯಲ್ಲೂ ಹಾಯಿದೋಣಿಯಲ್ಲೂ ವರ್ಷವಿಡೀ ಬದುಕಲು ಸಾಧ್ಯವೇ?

ನಿಮ್ಮ ಪ್ರಶ್ನೆ ಇಷ್ಟು: ನೀವು ಕಾಸರಗೋಡಿನ ಬದಿಯಡ್ಕದ ಕಡೆಯವರು, ಗಂಡ ಹೆಂಡತಿ ಇಬ್ಬರೇ, ಇಬ್ಬರದೂ ಲ್ಯಾಪ್‌ಟಾಪಿನಲ್ಲೇ ಮುಗಿಯುವ ಕೆಲಸ. ಸಣ್ಣ ಲಾರಿಯೊಂದನ್ನು ಮನೆ ಮಾಡಿಕೊಂಡು, ಜೊತೆಗೆ 34 ಅಡಿಯ ಹಳೆಯ ಹಾಯಿದೋಣಿ ಕೊಂಡು, ವರ್ಷವಿಡೀ ಅವುಗಳಲ್ಲೇ ಇರಬೇಕೆಂದಿದ್ದೀರಿ. ಯಾವುದರಿಂದ ಶುರು ಮಾಡುವುದು, ಏನೆಲ್ಲ ಕೆಡುತ್ತದೆ ಎಂದು ಕೇಳಿದ್ದೀರಿ.

ಆಗುತ್ತದೆ. ಆದರೆ ನೀವು ಕೇಳದೇ ಬಿಟ್ಟ ಒಂದು ಸಂಗತಿಯಿಂದಲೇ ಶುರು ಮಾಡುತ್ತೇನೆ. ನೀವು ಲಾರಿಯಲ್ಲಿರುವಷ್ಟು ದಿನ ದೋಣಿ ನಿಂತಿರುತ್ತದೆ, ದೋಣಿಯಲ್ಲಿರುವಷ್ಟು ದಿನ ಲಾರಿ ನಿಂತಿರುತ್ತದೆ. ನಮ್ಮ ಕರಾವಳಿಯ ಉಪ್ಪುಗಾಳಿಗೂ ಮಳೆಗೂ ಓಡಾಡುವುದಕ್ಕಿಂತ ನಿಂತದ್ದು ಬೇಗ ಕೆಡುತ್ತದೆ. ಹಾಗಾಗಿ ಓಡಿಸುವುದನ್ನು ಕಲಿತಷ್ಟೇ ಶ್ರದ್ಧೆಯಿಂದ ನಿಲ್ಲಿಸಿಡುವುದನ್ನೂ ಕಲಿಯಬೇಕು.

ಯಾವ ತಿಂಗಳು ಎಲ್ಲಿರಬೇಕೆಂದು ಸಮುದ್ರವೇ ಹೇಳುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅರಬ್ಬಿ ಸಮುದ್ರ ಸಣ್ಣ ಹಾಯಿದೋಣಿಗೆ ಹೇಳಿದ್ದಲ್ಲ. ಜೂನ್ 9ರ ನಡುರಾತ್ರಿಯಿಂದ ಜುಲೈ 31ರವರೆಗೆ ಕೇರಳದಲ್ಲಿ ಟ್ರಾಲ್ ಬೋಟುಗಳಿಗೇ ನಿಷೇಧ ಉಂಟು. ಅಕ್ಟೋಬರಿನಲ್ಲಿ ಕಡಲು ತಣ್ಣಗಾದ ಹಾಗೆ ಕಂಡರೂ ಮೋಸ ಹೋಗಬೇಡಿ. ಓಖಿ ಚಂಡಮಾರುತ ಬಂದದ್ದು 2017ರ ನವೆಂಬರ್ ಕೊನೆಗೆ, ತೌಕ್ತೆ ಬಂದದ್ದು 2021ರ ಮೇ ತಿಂಗಳಲ್ಲಿ. ಇಬ್ಬರೇ ಇರುವ ದೋಣಿಗೆ ಡಿಸೆಂಬರ್ ಮಧ್ಯದಿಂದ ಏಪ್ರಿಲ್ ಕೊನೆಯವರೆಗಿನ ನಾಲ್ಕೂವರೆ ತಿಂಗಳು ಎಂದಿಟ್ಟುಕೊಳ್ಳುವುದೇ ಸರಿ. ಉಳಿದ ಕಾಲ ಲಾರಿಯಲ್ಲಿ, ಅದರಲ್ಲೂ ಮಳೆಗಾಲದಲ್ಲಿ ಘಟ್ಟ ಹತ್ತಿ ಚಿತ್ರದುರ್ಗ, ಬಳ್ಳಾರಿ ಕಡೆಯ ಒಣ ಸೀಮೆಗೆ. ಸಂಪಾಜೆ ಘಾಟಿಯನ್ನು ಮಾತ್ರ ಮೇ ಮುಗಿಯುವ ಮೊದಲೇ ದಾಟಿಬಿಡಿ. 2018ರ ಆಗಸ್ಟಿನಲ್ಲಿ ಅಲ್ಲಿ ಗುಡ್ಡ ಕುಸಿದದ್ದು ನೆನಪಿರಬಹುದು.

ಲಾರಿಯಿಂದಲೇ ಶುರು ಮಾಡಿ. ತಪ್ಪಾದರೆ ರಸ್ತೆ ಬದಿಗೆ ನಿಲ್ಲಿಸಬಹುದು. ದೋಣಿಯಲ್ಲಿ ಆ ಸೌಕರ್ಯ ಇಲ್ಲ.

ಮೊದಲು ಕಾಗದಪತ್ರ. ಒಟ್ಟು ತೂಕ 7,500 ಕಿಲೋ ಮೀರದಿದ್ದರೆ ಎಲ್‌ಎಂವಿ, ಅಂದರೆ ಲಘು ಮೋಟಾರು ವಾಹನದ ಲೈಸೆನ್ಸ್ ಸಾಕು. 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟಪಡಿಸಿದೆ. ಆದರೆ ಗೂಡ್ಸ್ ಗಾಡಿಯನ್ನು ಮನೆ ಮಾಡುವುದೆಂದರೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ನಿನ ಪ್ರಕಾರ ವಾಹನದ ರೂಪ ಬದಲಾವಣೆ. ಖಾಸಗಿ ಬಳಕೆಯ ಕ್ಯಾಂಪರ್ ವ್ಯಾನ್ ಎಂಬ ವರ್ಗವೇ ಬೇರೆ ಉಂಟು, ಅದಕ್ಕೆ ಎಐಎಸ್ 124 ಎಂಬ ಮಾನದಂಡವೂ ಉಂಟು. ಬಾಡಿ ಕಟ್ಟುವ ಮೊದಲೇ ಡ್ರಾಯಿಂಗ್ ಹಿಡಿದುಕೊಂಡು ಆರ್‌ಟಿಒ ಕಚೇರಿಗೆ ಹೋಗಿ, ಒಪ್ಪಿಗೆ ಪಡೆದು, ಆರ್‌ಸಿಯಲ್ಲಿ ಬರೆಸಿಕೊಳ್ಳಿ. ಗೂಡ್ಸ್ ಆರ್‌ಸಿ ಇಟ್ಟುಕೊಂಡೇ ಒಳಗೆ ಹಾಸಿಗೆ ಹಾಕಿ ಓಡಾಡುವವರಿದ್ದಾರೆ. ಅಪಘಾತವಾದ ದಿನ ವಿಮೆ ಕೈಕೊಡಲು ಅದೊಂದೇ ಸಾಕು. ಗಡಿಯ ನಮಗೆ ಇನ್ನೊಂದು ಮಾತು: ಕೆಎಲ್ 14 ನಂಬರಿನ ಗಾಡಿ ಹನ್ನೆರಡು ತಿಂಗಳಿಗಿಂತ ಹೆಚ್ಚು ಕರ್ನಾಟಕದಲ್ಲೇ ಉಳಿದರೆ ಅಲ್ಲಿ ಮರುನೋಂದಣಿ ಮಾಡಿಸಬೇಕು.

ಬಾಡಿ ಕಟ್ಟುವಾಗ ಎಲ್ಲರೂ ಎಡವುವುದು ಚಾಸಿಯ, ಅಂದರೆ ಗಾಡಿಯ ಅಡಿಯ ಚೌಕಟ್ಟಿನ, ತಿರುಚುವಿಕೆಯಲ್ಲಿ. ಲಾರಿಯ ಚಾಸಿ ಏಣಿಯ ಹಾಗಿರುತ್ತದೆ, ಒಂದು ಚಕ್ರ ಹೊಂಡಕ್ಕಿಳಿದರೆ ಅದು ತಿರುಚಲೇಬೇಕು. ಅದರ ಮೇಲೆ ಗಟ್ಟಿ ಪೆಟ್ಟಿಗೆಯನ್ನು ನಾಲ್ಕೂ ಮೂಲೆಗೆ ಬಿಗಿದರೆ ತಿರುಚುವ ಬಲವೆಲ್ಲ ಪೆಟ್ಟಿಗೆಯ ಮೂಲೆಗೆ ಬರುತ್ತದೆ. ಕಿಟಕಿ, ಬಾಗಿಲಿನ ಮೂಲೆಯಿಂದ ಬಿರುಕು ಶುರುವಾಗಿ ಮಳೆನೀರು ಒಳಗೆ ಬರುತ್ತದೆ. ಪೆಟ್ಟಿಗೆಯ ಅಡಿಗೆ ಬೇರೆ ಸಬ್‌ಫ್ರೇಮ್ ಹಾಕಿ, ಹಿಂದಿನ ಆಕ್ಸಲ್ ಹತ್ತಿರ ಬಿಗಿಯಾಗಿಯೂ ಮುಂದೆ ಸ್ಪ್ರಿಂಗ್ ಇಟ್ಟು ಸಡಿಲವಾಗಿಯೂ ಕೂರಿಸಿ. ಚಾಸಿಯ ಮೇಲಿನ, ಕೆಳಗಿನ ಪಟ್ಟಿಗೆ ತೂತು ಕೊರೆಯುವುದಾಗಲಿ ವೆಲ್ಡಿಂಗ್ ಆಗಲಿ ಖಂಡಿತ ಬೇಡ. ಪ್ಲೈವುಡ್ ಐಎಸ್ 710 ಮರೈನ್ ದರ್ಜೆಯದ್ದೇ ಇರಲಿ, ಆದರೆ 12 ಎಂಎಂ ದಪ್ಪದ ಎಂಟು-ನಾಲ್ಕು ಅಡಿಯ ಒಂದು ಶೀಟೇ ಸುಮಾರು 22 ಕಿಲೋ ತೂಗುತ್ತದೆ. ಕಪಾಟಿನ ಬಾಗಿಲಿಗೆ 6 ಎಂಎಂ ಸಾಕು. ಕೆಲಸ ಮುಗಿದ ಮೇಲೆ ನೀರು, ಸಾಮಾನು ತುಂಬಿಸಿಯೇ ವೇಬ್ರಿಡ್ಜ್ ಹತ್ತಿಸಿ. ಒಟ್ಟು ತೂಕದ ಜೊತೆ ಮುಂದಿನ ಆಕ್ಸಲ್, ಹಿಂದಿನ ಆಕ್ಸಲ್ ಬೇರೆ ಬೇರೆ ತೂಗಿಸಿಕೊಳ್ಳಿ.

ಇನ್ಸುಲೇಶನ್‌ಗೆ ಗ್ಲಾಸ್ ವುಲ್ ಬೇಡವೇ ಬೇಡ. ತಗಡಿನ ಒಳಮೈಯಲ್ಲಿ ಬೆವರಿದ ನೀರನ್ನು ಅದು ಹೀರಿ ಹಿಡಿದುಕೊಂಡು ಒಳಗಿನಿಂದಲೇ ತುಕ್ಕು ಹಿಡಿಸುತ್ತದೆ. ನೀರು ಹೀರದ ನೈಟ್ರೈಲ್ ರಬ್ಬರ್ ಹಾಳೆ, 19 ಎಂಎಂ, ತಗಡಿಗೆ ಸಂದಿಲ್ಲದೆ ಅಂಟಿಸಿ. ಮೇಲೆ ಗಾಳಿ ಹೊರಹಾಕುವ ಫ್ಯಾನ್ ಇಟ್ಟರೆ ಕೆಳಗೆ ಗಾಳಿ ಒಳಬರುವ ಕಿಂಡಿಯೂ ಬೇಕು. ಒಂದಿದ್ದು ಇನ್ನೊಂದಿಲ್ಲದಿದ್ದರೆ ಫ್ಯಾನ್ ಬರಿದೇ ತಿರುಗುತ್ತದೆ. ಹಾಸಿಗೆಯ ಅಡಿಗೆ ಪ್ಲೈ ಹಲಗೆಯ ಬದಲು ಸಂದು ಬಿಟ್ಟ ರೀಪು ಹೊಡೆಯಿರಿ, ಇಲ್ಲದಿದ್ದರೆ ಜುಲೈ-ಆಗಸ್ಟಿನ ಆಟಿ ತಿಂಗಳಲ್ಲಿ ಹಾಸಿಗೆಯ ಅಡಿ ಕಪ್ಪಗೆ ಬೂಸ್ಟು ಹಿಡಿಯುತ್ತದೆ.

ಅಡುಗೆಯ ಹಬೆಯೂ ತೇವವೇ. ಕುಚ್ಚಲಕ್ಕಿಯನ್ನು ಒಲೆಯ ಮೇಲೆ ಮುಕ್ಕಾಲು ಗಂಟೆ ಬೇಯಿಸಿದರೆ ಹಬೆಯೆಲ್ಲ ಗೋಡೆಗೇ ಕೂರುತ್ತದೆ. ಹದಿನೈದು ಇಪ್ಪತ್ತು ನಿಮಿಷ ಕುದಿಸಿ ಬಿಸಿ ಆರದಂತೆ ಹಿಡಿದಿಡುವ ತೆರ್ಮಲ್ ರೈಸ್ ಕುಕ್ಕರಿನೊಳಗೆ ಇಳಿಸಿಬಿಡಿ, ಒಂದೂವರೆ ಗಂಟೆಗೆ ಅನ್ನ ಬೆಂದಿರುತ್ತದೆ. ಗ್ಯಾಸೂ ಉಳಿಯಿತು.

ಈಗ ಮುಖ್ಯ ಸಲಹೆ. ಲಾರಿಗೂ ದೋಣಿಗೂ ಒಂದೇ ಜಾತಿಯ ಸಾಮಾನು ಹಾಕಿ. ಎರಡರಲ್ಲೂ 12 ವೋಲ್ಟ್, ಒಂದೇ ಮಾದರಿಯ ನೀರಿನ ಪಂಪ್, ಒಂದೇ ಅಳತೆಯ ಪೈಪು, ಫ್ಯೂಸ್, ಫ್ಯಾನ್. ಆಗ ಬಿಡಿಭಾಗದ ಪೆಟ್ಟಿಗೆ ಒಂದೇ ಸಾಕು, ನೀವು ಹೋದಲ್ಲಿಗೆ ಅದೂ ಬರುತ್ತದೆ.

ವಿದ್ಯುತ್ತಿನ ಲೆಕ್ಕ ಇಬ್ಬರಿಗೆ ಹೀಗೆ ಬರುತ್ತದೆ: ಸಣ್ಣ ಕಂಪ್ರೆಸರ್ ಫ್ರಿಜ್ ನಮ್ಮ ಸೆಕೆಗೆ ದಿನಕ್ಕೆ 40 ಆಂಪ್-ಅವರ್ (ಒಂದು ಆಂಪಿಯರ್ ಕರೆಂಟು ಒಂದು ಗಂಟೆ ಹರಿದರೆ ಒಂದು ಆಂಪ್-ಅವರ್), ಎರಡು ಫ್ಯಾನ್ ರಾತ್ರಿಯಿಡೀ 24, ಎರಡು ಲ್ಯಾಪ್‌ಟಾಪ್ ಎಂಟು ಗಂಟೆ ಓಡಿದರೆ 40, ದೀಪ, ಪಂಪ್, ಫೋನ್ ಸೇರಿ 15. ಒಟ್ಟು ಸುಮಾರು 120. ಇದಕ್ಕೆ 200 ಆಂಪ್-ಅವರ್‌ನ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯೂ 400 ವಾಟ್ ಸೋಲಾರೂ ಬೇಕು. ಮಾರ್ಚ್ ಬಿಸಿಲಿಗೆ 400 ವಾಟ್ ಪ್ಯಾನಲ್ ದಿನಕ್ಕೆ ಒಂದೂವರೆ ಯೂನಿಟ್ ಕೊಡುತ್ತದೆ, ಅಂದರೆ 12 ವೋಲ್ಟಿನಲ್ಲಿ ಸುಮಾರು 120 ಆಂಪ್-ಅವರ್, ಅಲ್ಲಿಂದಲ್ಲಿಗೆ ಸರಿ. ಜುಲೈಯ ಮೋಡ ಕವಿದ ದಿನಗಳಲ್ಲಿ ಅದರ ಮೂರರಲ್ಲೊಂದು ಪಾಲೂ ಖಾತರಿ ಇಲ್ಲ. ಆಗ 30 ಆಂಪಿಯರಿನ ಡಿಸಿ-ಡಿಸಿ ಚಾರ್ಜರ್ ಮೂಲಕ ಲಾರಿಯ ಆಲ್ಟರ್ನೇಟರಿನಿಂದ (ಎಂಜಿನ್ ತಿರುಗುವಾಗ ಕರೆಂಟು ಹುಟ್ಟಿಸುವ ಯಂತ್ರ) ತುಂಬಿಸಬೇಕು, ಎರಡು ಗಂಟೆ ಓಡಿಸಿದರೆ 60 ಆಂಪ್-ಅವರ್. ಲಿಥಿಯಂ ಬ್ಯಾಟರಿಯನ್ನು ಆಲ್ಟರ್ನೇಟರಿಗೆ ನೇರ ಜೋಡಿಸಬಾರದು. ಅದರ ಒಳರೋಧ ತೀರಾ ಕಡಿಮೆ, ಸಿಕ್ಕಷ್ಟೂ ಕರೆಂಟು ಎಳೆದು ಆಲ್ಟರ್ನೇಟರನ್ನು ಸುಟ್ಟುಹಾಕುತ್ತದೆ. ಲಾರಿ 24 ವೋಲ್ಟಿನದ್ದಾದರೆ 24ರಿಂದ 12ಕ್ಕೆ ಇಳಿಸುವ ಚಾರ್ಜರೇ ಕೇಳಿ.

"ಬ್ಯಾಟರಿ ತುಂಬಿದೆ, ಫ್ರಿಜ್ ಮಾತ್ರ ನಿಲ್ಲುತ್ತದೆ" ಎಂಬ ದೂರು ಮತ್ತೆ ಮತ್ತೆ ಕೇಳಿಬರುತ್ತದೆ. ತಪ್ಪು ಫ್ರಿಜ್ಜಿನದ್ದಲ್ಲ, ವಯರಿನದ್ದು. ಬ್ಯಾಟರಿಯಿಂದ ಫ್ರಿಜ್ಜಿಗೆ ಆರು ಮೀಟರ್ ಇದ್ದರೆ ಹೋಗಿ ಬರಲು ಹನ್ನೆರಡು ಮೀಟರ್. ಮನೆಯ 1.5 ಚದರ ಎಂಎಂ ವಯರಿನಲ್ಲಿ 5 ಆಂಪಿಯರಿಗೆ 0.7 ವೋಲ್ಟ್ ದಾರಿಯಲ್ಲೇ ಕಳೆದುಹೋಗುತ್ತದೆ. ಕಂಪ್ರೆಸರ್ ಶುರುವಾಗುವ ಕ್ಷಣದಲ್ಲಿ ಇನ್ನೂ ಹೆಚ್ಚು, ಆಗ ಫ್ರಿಜ್ ಬ್ಯಾಟರಿ ಖಾಲಿ ಎಂದು ತಿಳಿದು ನಿಲ್ಲುತ್ತದೆ. 4 ಅಥವಾ 6 ಚದರ ಎಂಎಂ ಎಳೆಯಿರಿ. ದೋಣಿಗೆ ತವರ ಲೇಪಿಸಿದ ತಾಮ್ರವೇ ಆಗಬೇಕು, ಬರಿಯ ತಾಮ್ರ ಉಪ್ಪುಗಾಳಿಗೆ ಪ್ಲಾಸ್ಟಿಕ್ಕಿನೊಳಗೇ ಕಪ್ಪಾಗಿ ಪುಡಿಯಾಗುತ್ತದೆ. ಮುಖ್ಯ ಫ್ಯೂಸ್ ಬ್ಯಾಟರಿಯಿಂದ ಒಂದು ಗೇಣಿನೊಳಗೇ ಇರಲಿ.

ಗ್ಯಾಸ್ ಗಾಳಿಗಿಂತ ಭಾರ. ಸೋರಿದರೆ ಲಾರಿಯ ನೆಲಕ್ಕೂ ದೋಣಿಯ ತಳಕ್ಕೂ ಇಳಿದು ಕೂರುತ್ತದೆ, ಒಂದು ಸ್ವಿಚ್ಚಿನ ಕಿಡಿ ಸಾಕು. 5 ಕಿಲೋ ಸಿಲಿಂಡರನ್ನು ಒಳಗಿನಿಂದ ಪೂರ್ತಿ ಮುಚ್ಚಿದ, ತಳದಲ್ಲಿ ಹೊರಕ್ಕೆ ತೂತಿರುವ ಪೆಟ್ಟಿಗೆಯಲ್ಲೇ ಇಡಿ. ದೋಣಿಯಲ್ಲಿ ಆ ತೂತು ನೀರಿನ ಮಟ್ಟಕ್ಕಿಂತ ಮೇಲೆ ಸಮುದ್ರಕ್ಕೇ ತೆರೆಯಬೇಕು.

ನೀರು ಲಾರಿಯಲ್ಲಿ ಇಬ್ಬರಿಗೆ ದಿನಕ್ಕೆ 25 ಲೀಟರ್, ದೋಣಿಯಲ್ಲಿ ಪಾತ್ರೆಯನ್ನು ಸಮುದ್ರದ ನೀರಲ್ಲಿ ತೊಳೆದರೆ 15. ಗುರುತಿಲ್ಲದ ಬಾವಿಯ ನೀರಿಗೆ ಲೀಟರಿಗೆ ಎರಡು ಹನಿಯಂತೆ, ಸುವಾಸನೆ ಬೆರೆಸದ, 5–6 ಶೇಕಡಾದ ಸೋಡಿಯಂ ಹೈಪೊಕ್ಲೋರೈಟ್ ಹಾಕಿ ಅರ್ಧ ಗಂಟೆ ಬಿಡಿ. ಕಡಲ ನೀರಲ್ಲಿ ನೆನೆದ ಬಟ್ಟೆ ಬಿಸಿಲಿಗೆ ಒಣಗಿದ ಹಾಗೆ ಕಂಡರೂ ರಾತ್ರಿ ಮತ್ತೆ ಒದ್ದೆಯಾಗುತ್ತದೆ, ಎಳೆಯಲ್ಲಿ ಕೂತ ಉಪ್ಪು ಗಾಳಿಯ ತೇವ ಎಳೆಯುತ್ತದೆ. ಕೊನೆಗೊಂದು ತಂಬಿಗೆ ಸಿಹಿನೀರು ಅದಕ್ಕೆ ಮೀಸಲಿಡಿ.

ಇನ್ನು ದೋಣಿ. ಮಂಜೇಶ್ವರದಿಂದ ನೀಲೇಶ್ವರದವರೆಗೆ ನಮ್ಮಲ್ಲಿ ಮೀನುಗಾರಿಕೆಯ ಧಕ್ಕೆಗಳಿವೆ, ಹಾಯಿದೋಣಿಗೆಂದೇ ಕಟ್ಟಿದ ಮರೀನಾ ಇಲ್ಲ. ಅದಕ್ಕೆ ಕೊಚ್ಚಿಯ ಬೋಳ್ಗಾಟ್ಟಿಗೇ ಹೋಗಬೇಕು, ಇಲ್ಲಿಂದ ಸುಮಾರು 170 ನಾಟಿಕಲ್ ಮೈಲು, 5 ನಾಟ್ ವೇಗಕ್ಕೆ 34 ಗಂಟೆ. 34 ಅಡಿಯ ದೋಣಿಯ ಕೀಲ್, ಅಂದರೆ ತಳದಿಂದ ಕೆಳಕ್ಕೆ ಚಾಚಿದ ಭಾರದ ಭಾಗ, ಸಾಮಾನ್ಯವಾಗಿ ನೀರಿನೊಳಗೆ ಒಂದೂವರೆ ಮೀಟರಿಗಿಂತ ಹೆಚ್ಚು ಇಳಿದಿರುತ್ತದೆ, ಚಂದ್ರಗಿರಿ ಹೊಳೆಯ ಅಳಿವೆಯ ಮರಳು ದಿಣ್ಣೆ ಪ್ರತಿ ಮಳೆಗಾಲಕ್ಕೂ ಜಾಗ ಬದಲಿಸುತ್ತದೆ. ಅಲ್ಲಿಯ ಮೀನುಗಾರರೊಬ್ಬರನ್ನು ಜೊತೆಗೆ ಕರೆದುಕೊಂಡು, ಭರತ ಏರುವಾಗ ಮಾತ್ರ ಒಳಗೆ ಬನ್ನಿ. ಏರುವ ನೀರಿನಲ್ಲಿ ತಳ ತಾಗಿದರೆ ಸ್ವಲ್ಪ ಹೊತ್ತಿಗೆ ತೇಲುತ್ತೀರಿ, ಇಳಿಯುವ ನೀರಿನಲ್ಲಿ ತಾಗಿದರೆ ಮುಂದಿನ ಭರತದವರೆಗೆ ವಾಲಿಕೊಂಡು ಬಿದ್ದಿರಬೇಕು. ಅಳಿವೆಯಲ್ಲಿ ಅಲೆ ಒಡೆಯುತ್ತಿದ್ದರೆ ಹೊರಗೇ ನಿಲ್ಲಿ.

ಡಿಸೆಂಬರ್ ಕಳೆದ ಮೇಲೆ ಬೆಳಗ್ಗೆ ನೆಲದ ಗಾಳಿ ಮೂಡಣದಿಂದ, ಮಧ್ಯಾಹ್ನ ಕಡಲ ಗಾಳಿ ವಾಯವ್ಯದಿಂದ. ತೆಂಕಿಗೆ ಹೋಗುವುದು ಸುಲಭ. ಬಡಗಿಗೆ ಬರುವಾಗ ಬೆಳಗಿನ ಜಾವ ಮೂರಕ್ಕೆ ಹೊರಟು ಹನ್ನೊಂದರೊಳಗೆ ಆದಷ್ಟು ದೂರ ಬರಬೇಕು. ರಾತ್ರಿ ದೀಪವಿಲ್ಲದ ಬಲೆಗಳೇ ದೊಡ್ಡ ಕಾಟ. ಬಲೆಯ ಹಗ್ಗ ಪ್ರೊಪೆಲ್ಲರಿಗೆ ಸುತ್ತಿದರೆ ಎಂಜಿನ್ ಗೇರ್ ಒತ್ತಿ ಬಿಡಿಸಲು ಹೋಗಬೇಡಿ, ಶಾಫ್ಟ್ ಬಾಗುತ್ತದೆ.

ಲಂಗರಿನ ಲೆಕ್ಕಕ್ಕೆ ಆಳವೊಂದನ್ನೇ ಹಿಡಿಯಬಾರದು. ನೀರು 4 ಮೀಟರ್, ನೀರಿನಿಂದ ದೋಣಿಯ ಮೂತಿಯ ಎತ್ತರ 1, ಭರತದ ಏರಿಕೆ ಒಂದೂವರೆ, ಒಟ್ಟು ಆರೂವರೆ. ಇದರ ಐದು ಪಟ್ಟು, ಅಂದರೆ 33 ಮೀಟರ್ ಸರಪಣಿ ಬಿಡಬೇಕು, ಗಾಳಿ ಎದ್ದರೆ ಏಳು ಪಟ್ಟು.

ಇಬ್ಬರೇ ಇರುವಾಗ ಇಬ್ಬರಿಗೂ ಎಲ್ಲವೂ ಬರಬೇಕು, ಇದು ನನ್ನ ಖಡಾಖಂಡಿತ ಮಾತು. 2024ರ ಅಕ್ಟೋಬರ್ 2ರಂದು ಗೋವಾದಿಂದ ಹೊರಟ ನೌಕಾಪಡೆಯ ದಿಲ್ನಾ ಮತ್ತು ರೂಪಾ ಇಬ್ಬರೇ ತಾರಿಣಿ ಎಂಬ ಹಾಯಿದೋಣಿಯಲ್ಲಿ ಲೋಕ ಸುತ್ತಿ 2025ರ ಮೇಯಲ್ಲಿ ಮರಳಿದರು. ಅಂಥ ಯಾನದ ಹಿಂದೆ ವರ್ಷಗಟ್ಟಲೆ ತರಬೇತಿ ಇರುತ್ತದೆ. ಒಬ್ಬರೇ ಹಾಯಿ ಇಳಿಸುವುದು, ಎಂಜಿನ್ ಶುರು ಮಾಡುವುದು, ನೀರಿಗೆ ಬಿದ್ದವರನ್ನು ಮೇಲೆತ್ತುವುದು, ಈ ಮೂರನ್ನು ದೋಣಿ ಕೊಳ್ಳುವ ಮೊದಲೇ ಬೇರೆಯವರ ದೋಣಿಯಲ್ಲಿ ಕಲಿಯಿರಿ. ಒದ್ದೆಯಾದ 75 ಕಿಲೋ ದೇಹವನ್ನು ಕೈಯಿಂದ ಎತ್ತಲಾಗದು, ಆರು ಸುತ್ತಿನ ರಾಟೆ-ಹಗ್ಗ ಸಿದ್ಧವಿರಲಿ. ರಾತ್ರಿ ಮೂರು ಮೂರು ಗಂಟೆಯ ಪಾಳಿ, ಹೊರಗಿರುವವರು ಸೊಂಟದ ಹಗ್ಗವನ್ನು ದೋಣಿಗೆ ಕಟ್ಟಿಕೊಂಡೇ ಇರಬೇಕು. ಸ್ಯಾಟಲೈಟ್ ಫೋನ್ ಅನುಮತಿ ಇಲ್ಲದೆ ಇಟ್ಟುಕೊಂಡರೆ ಅಪರಾಧ, ಯಾರು ಏನೇ ಹೇಳಿದರೂ ತರಿಸಬೇಡಿ.

ಕೊನೆಗೆ, ನಿಲ್ಲಿಸಿಡುವ ಕೆಲಸ. ಲಾರಿಯನ್ನು ತೆಂಗಿನ ಅಡಿಗೆ ನಿಲ್ಲಿಸಬೇಡಿ, ಒಂದು ಕಾಯಿಗೆ ಒಂದು ಪ್ಯಾನಲ್ ಹೋಗುತ್ತದೆ. ಅಡಿಭಾಗಕ್ಕೆ ಸಿಹಿನೀರು ಹೊಡೆದು ಒಣಗಿಸಿ. ಡೀಸೆಲ್ ಟ್ಯಾಂಕ್ ತುಂಬಿಸಿಡಿ, ಖಾಲಿ ಜಾಗದಲ್ಲಿ ತೇವ ನೀರಾಗಿ ಡೀಸೆಲ್ಲಿಗೆ ಸೇರುತ್ತದೆ. ಹ್ಯಾಂಡ್ ಬ್ರೇಕ್ ಬಿಟ್ಟು ಚಕ್ರಕ್ಕೆ ಮರದ ತುಂಡು ಅಡ್ಡ ಕೊಡಿ, ಇಲ್ಲವಾದರೆ ಬ್ರೇಕ್ ಲೈನರ್ ಡ್ರಮ್ಮಿಗೆ ಕಚ್ಚುತ್ತದೆ. ಲಿಥಿಯಂ ಬ್ಯಾಟರಿ ಅರ್ಧ ಚಾರ್ಜಿನಲ್ಲಿ ಕಳಚಿಡಿ, ಸ್ಟಾರ್ಟರ್ ಬ್ಯಾಟರಿ ಪೂರ್ತಿ ಚಾರ್ಜಿನಲ್ಲಿ. ವಯರು ಹೋಗುವ ತೂತುಗಳಿಗೆ ಸ್ಟೀಲ್ ವುಲ್ ತುರುಕಿ, ಇಲಿ ಕಡಿಯುವುದು ಅಲ್ಲಿಂದಲೇ.

ದೋಣಿಯನ್ನು ದಡಕ್ಕೆತ್ತಿ ಆಸರೆ ಕೊಟ್ಟಾಗ ಪ್ರತಿ ಆಸರೆಯ ಅಡಿಗೆ ದಪ್ಪ ಹಲಗೆ ಬೇಕು, ಮಳೆಗೆ ನಮ್ಮ ಮಣ್ಣು ಮೆತ್ತಗಾಗಿ ಆಸರೆ ಇಳಿಯುತ್ತದೆ. ಎದುರುಬದುರಿನ ಆಸರೆಗಳನ್ನು ಸರಪಣಿಯಿಂದ ಒಂದಕ್ಕೊಂದು ಬಿಗಿಯಿರಿ. ಟಾರ್ಪಾಲಿನ ಹಗ್ಗವನ್ನು ಅವುಗಳಿಗೆ ಯಾವತ್ತೂ ಕಟ್ಟಬೇಡಿ, ಗಾಳಿಗೆ ಟಾರ್ಪಾಲ್ ಹಾರಿದರೆ ಆಸರೆಯನ್ನೂ ಕಿತ್ತುಕೊಂಡು ಹೋಗುತ್ತದೆ. ಹಾಯಿ ಕಳಚಿ ಒಣಗಿಸಿ ಮನೆಯ ಅಟ್ಟಕ್ಕೆ. ಎಂಜಿನ್ನಿನ ಉಪ್ಪುನೀರಿನ ದಾರಿಗೆ ಸಿಹಿನೀರು ಹಾಯಿಸಿ, ಆ ನೀರನ್ನು ತಳ್ಳುವ ಪಂಪಿನ ರೆಕ್ಕೆಚಕ್ರ, ಅಂದರೆ ರಬ್ಬರ್ ಇಂಪೆಲ್ಲರ್, ತೆಗೆದಿಡಿ, ಒಂದೇ ಭಂಗಿಯಲ್ಲಿ ತಿಂಗಳುಗಟ್ಟಲೆ ಬಾಗಿದ್ದರೆ ರೆಕ್ಕೆ ಮುರಿಯುತ್ತದೆ. ದೋಣಿಯನ್ನು ಹಿನ್ನೀರಿನಲ್ಲೇ ಬಿಡುವುದಾದರೆ ಸತುವಿನ ಬದಲು ಅಲ್ಯೂಮಿನಿಯಂ ಆನೋಡ್ (ಬೇರೆ ಲೋಹದ ಬದಲು ತಾನು ಸವೆದು ಅದನ್ನು ಕಾಯುವ ತುಂಡು) ಹಾಕಿ, ಸಿಹಿನೀರು ಬೆರೆತಲ್ಲಿ ಸತುವಿನ ಮೇಲೆ ಪದರ ಕಟ್ಟಿ ಅದು ಕೆಲಸ ನಿಲ್ಲಿಸುತ್ತದೆ. ಡೆಕ್ಕಿನ ನೀರು ಹೋಗುವ ತೂತುಗಳನ್ನು ವಾರಕ್ಕೊಮ್ಮೆ ನೋಡುವ ಒಬ್ಬ ನಂಬಿಕಸ್ಥ ಜನ ಬೇಕೇ ಬೇಕು. ಜೂನ್ ತಿಂಗಳ ಮಳೆಯಲ್ಲಿ ಅಲ್ಲೊಂದು ಹಲಸಿನ ಎಲೆ ಸಿಕ್ಕಿಕೊಂಡರೆ ಸಾಕು, ಮೊದಲು ಕಾಕ್‌ಪಿಟ್, ಅಂದರೆ ದೋಣಿ ನಡೆಸಲು ಕೂರುವ ತಗ್ಗು ಜಾಗ, ತುಂಬುತ್ತದೆ, ಆಮೇಲೆ ಕ್ಯಾಬಿನ್. ಆ ಜನ ಸಿಗುವವರೆಗೆ ದೋಣಿ ಕೊಳ್ಳಬೇಡಿ.