ಬುಡ ಕೆಂಪು, ತುದಿ ಕಪ್ಪು: ಕೂದಲು–ಉಗುರಿನ ಪ್ರಶ್ನೋತ್ತರ

ಪ್ರಶ್ನೆ: ಮೂರು ವರ್ಷದಿಂದ ತಿಂಗಳಿಗೊಮ್ಮೆ ಮನೆಯಲ್ಲೇ 4ನೇ ನಂಬರಿನ ಕಂದು ಬಣ್ಣ ಹಚ್ಚಿಕೊಳ್ಳುತ್ತಿದ್ದೇನೆ. ಪ್ರತಿ ಸಲವೂ ಅದೇ ಕಂಪನಿ, ಅದೇ ನಂಬರು, ತಲೆಪೂರ್ತಿ ಲೇಪ. ಈಗ ನೋಡಿದರೆ ಬುಡ ಕೆಂಪಗೆ ಹೊಳೆಯುತ್ತದೆ, ಕೆಳಗೆ ಕಾಡಿಗೆಯಂಥ ಕಪ್ಪು. ತುದಿ ತಿಳಿಯಾಗಲಿ ಎಂದು 6ನೇ ನಂಬರಿನ ಡೈ ತಂದಿಟ್ಟಿದ್ದೇನೆ. ಹಚ್ಚಬಹುದೇ?

ಉತ್ತರ: ಬೇಡ. ಡೈ ಮೇಲೆ ಡೈ ಹಚ್ಚಿ ಹಳೆಯ ಬಣ್ಣವನ್ನು ತಿಳಿ ಮಾಡಲಾಗದು. ಡೈ ಜೊತೆ ಬರುವ ಡೆವಲಪರ್‌ನಲ್ಲಿರುವುದು ಹೈಡ್ರೋಜನ್ ಪೆರಾಕ್ಸೈಡ್. ಕೂದಲಿನ ಹುಟ್ಟುಬಣ್ಣವನ್ನು ಅದು ಸ್ವಲ್ಪ ತಿಳಿಯಾಗಿಸುತ್ತದೆ, ಆದರೆ ಒಳಗೆ ಈಗಾಗಲೇ ಕೂತಿರುವ ಕೃತಕ ಬಣ್ಣ ಅದಕ್ಕೆ ಜಗ್ಗುವುದಿಲ್ಲ. 6ನೇ ನಂಬರು ಹಚ್ಚಿದರೆ ಬುಡ ಇನ್ನೂ ಕೆಂಪಾದೀತು, ತುದಿ ಇದ್ದಲ್ಲೇ ಇದ್ದೀತು.

ಆಗಿದ್ದೇನು ಅಂದರೆ, ಕೂದಲು ತಿಂಗಳಿಗೆ ಬೆಳೆಯುವುದು ಹೆಚ್ಚುಕಡಿಮೆ ಒಂದು ಸೆಂಟಿಮೀಟರು. ಅಂದರೆ ಪ್ರತಿ ತಿಂಗಳು ಬಣ್ಣ ಬೇಕಿದ್ದದ್ದು ಆ ಒಂದು ಸೆಂಟಿಮೀಟರಿಗೆ ಮಾತ್ರ. 36 ಸೆಂ.ಮೀ. ಉದ್ದದ ಕೂದಲಾದರೆ ಅದರ ತುದಿಗೆ ಸುಮಾರು ಮೂರು ವರ್ಷ ವಯಸ್ಸು, ಅಷ್ಟು ಹೊತ್ತಿಗೆ ಅದು 36 ಸಲ ಡೈ ಕುಡಿದಿದೆ. ಕಪ್ಪಾಗದೆ ಇನ್ನೇನಾದೀತು? ಬುಡದ ಕತೆ ತಿರುಗುಮುರುಗು. ನೆತ್ತಿಯ ಬಿಸಿಗೆ ಅಲ್ಲಿ ರಾಸಾಯನಿಕ ಕ್ರಿಯೆ ಬೇಗ ನಡೆಯುತ್ತದೆ. ಪೆರಾಕ್ಸೈಡ್ ಹುಟ್ಟುಗಪ್ಪನ್ನು ಒಂದು ಮೆಟ್ಟಿಲು ಇಳಿಸಿದರೆ, ಗಾಢ ಕೂದಲಿನ ಅಡಿಯಲ್ಲಿ ಅಡಗಿರುವ ಕೆಂಪು–ಕಿತ್ತಳೆ ಮೇಲೆ ಬರುತ್ತದೆ.

ಇನ್ನು ಮುಂದೆ ಬುಡಕ್ಕೆ ಮಾತ್ರ ಹಚ್ಚಿ. ಒಣಗೂದಲನ್ನು ಹಣೆಯಿಂದ ಹಿಂಗತ್ತಿನವರೆಗೆ ಒಮ್ಮೆ, ಈ ಕಿವಿಯಿಂದ ಆ ಕಿವಿಗೆ ಇನ್ನೊಮ್ಮೆ ಬೈತಲೆ ತೆಗೆದು ನಾಲ್ಕು ಪಾಲು ಮಾಡಿ ಕ್ಲಿಪ್ ಹಾಕಿ. ಬುಡದಿಂದ ಎರಡು ಸೆಂ.ಮೀ. ಬಿಟ್ಟು ಕೆಳಗಿನ ಉದ್ದಕ್ಕೆಲ್ಲ ಕಂಡೀಷನರ್ ಸವರಿ, ಡೈ ಜಾರಿ ಬಂದರೂ ಅಷ್ಟಾಗಿ ಹಿಡಿಯುವುದಿಲ್ಲ. ಬಾಚಣಿಗೆಯ ಬಾಲದಿಂದ ಅರ್ಧ ಸೆಂ.ಮೀ.ಗೊಂದು ಬೈತಲೆ ತೆಗೆಯುತ್ತ, ಬ್ರಶ್ಶಿನಿಂದ ಹೊಸ ಬೆಳವಣಿಗೆಯ ಮೇಲಷ್ಟೇ ಇಡುತ್ತ ಹೋಗಿ. ನೆತ್ತಿಗೆ ಉಜ್ಜಬೇಡಿ. ಹದಿನೈದು–ಇಪ್ಪತ್ತು ನಿಮಿಷದಲ್ಲಿ ಹಚ್ಚಿ ಮುಗಿಸಬೇಕು. ಅದಕ್ಕಿಂತ ತಡವಾದರೆ ಮೊದಲು ಹಚ್ಚಿದ ಜಾಗಕ್ಕೂ ಕೊನೆಯದಕ್ಕೂ ಬಣ್ಣದಲ್ಲಿ ವ್ಯತ್ಯಾಸ ಕಂಡೇ ಕಾಣುತ್ತದೆ.

ಅಳತೆ ಕಣ್ಣಂದಾಜಿನಲ್ಲಿ ಬೇಡ, ತಕ್ಕಡಿಯಲ್ಲಿ ತೂಗಿ. 1:1 ಎಂದು ಬರೆದಿದ್ದರೆ 30 ಗ್ರಾಂ ಕ್ರೀಮಿಗೆ 30 ಗ್ರಾಂ ಡೆವಲಪರ್, 1:1.5 ಎಂದಿದ್ದರೆ 45. ಡೆವಲಪರ್ ಹೆಚ್ಚಾದರೆ ಮಿಶ್ರಣ ನೀರಾಗಿ ಹಣೆಗೆ ಇಳಿಯುತ್ತದೆ, ಬಿಳಿ ಕೂದಲು ಮುಚ್ಚುವುದಿಲ್ಲ. ಕಡಿಮೆಯಾದರೆ ಬಣ್ಣ ಪೂರ್ತಿ ಅರಳದೆ ಬೇಗ ಮಾಸುತ್ತದೆ. ಬಟ್ಟಲು ಪ್ಲಾಸ್ಟಿಕ್ಕಿನದೋ ಗಾಜಿನದೋ ಇರಲಿ, ಲೋಹದ್ದು ಬೇಡ. ಕಲಸುವಾಗ ಬೆಳ್ಳಗಿದ್ದ ಕ್ರೀಮು ಹತ್ತು ನಿಮಿಷದಲ್ಲಿ ನೇರಳೆಗೆ, ಆಮೇಲೆ ಕಂದುಗಪ್ಪಿಗೆ ತಿರುಗುವುದನ್ನು ನೋಡಿ ‘ಅಯ್ಯೋ, ಕಪ್ಪಾಯಿತು’ ಎಂದು ಅರ್ಧಕ್ಕೇ ತೊಳೆದುಬಿಡುವವರಿದ್ದಾರೆ. ಅದು ಗಾಳಿ ತಾಗಿ ಮೇಲ್ಪದರ ಬಣ್ಣಗೊಂಡದ್ದು ಅಷ್ಟೆ. ಕೂದಲೊಳಗೆ ಏನಾಗಿದೆ ಎಂದು ತಿಳಿಯಬೇಕಾದರೆ ಒಂದು ಎಳೆಯ ಮೇಲಿನ ಲೇಪವನ್ನು ಒದ್ದೆ ಹತ್ತಿಯಿಂದ ಒರೆಸಿ ನೋಡಿ.

ತೊಳೆಯುವ ಮೊದಲು ಒಂದೆರಡು ಚಮಚ ಬೆಚ್ಚಗಿನ ನೀರು ಹಾಕಿ ಬೆರಳಿನಿಂದ ನೊರೆಯಂತೆ ಕಲಸಿದರೆ, ಚರ್ಮಕ್ಕೆ ಅಂಟಿದ್ದೆಲ್ಲ ಬಿಡುತ್ತದೆ. ಬುಡ ಮತ್ತೆ ಕೆಂಪಾದರೆ 4ರ ಬದಲು 4.1 ನೋಡಿ. ಬಹಳಷ್ಟು ಕಂಪನಿಗಳಲ್ಲಿ ಬಿಂದುವಿನ ನಂತರದ 1 ಅಂದರೆ ಬೂದಿ ಛಾಯೆ, ಅದು ಕೆಂಪನ್ನು ತಣಿಸುತ್ತದೆ. ಬಿಂದುವಿನ ನಂತರದ ಅಂಕಿಗಳ ಅರ್ಥ ಕಂಪನಿಯಿಂದ ಕಂಪನಿಗೆ ಬದಲಾಗುವುದರಿಂದ ಪಟ್ಟಿ ನೋಡಿಯೇ ಕೊಳ್ಳಿ.

ಕಪ್ಪುಗಟ್ಟಿದ ಉದ್ದಕ್ಕೆ ಎರಡೇ ದಾರಿ: ಸ್ವಲ್ಪ ಸ್ವಲ್ಪವಾಗಿ ಕತ್ತರಿಸುತ್ತ ಬರುವುದು, ಇಲ್ಲವೇ ಇಂಥ ಡೈಗಳಿಗೆಂದೇ ಬರುವ ಕಲರ್ ರಿಮೂವರ್. ಅದು ಬಣ್ಣದ ಅಣುಗಳನ್ನು ಮತ್ತೆ ಚಿಕ್ಕದಾಗಿಸುತ್ತದೆ, ಅವನ್ನು ನೀರಲ್ಲಿ ಕೊಚ್ಚಿ ಹೊರಹಾಕಬೇಕಾದದ್ದು ನೀವು. ತೊಳೆಯುವುದರಲ್ಲಿ ಜಿಪುಣತನ ಮಾಡಿದರೆ ಒಳಗುಳಿದ ಅಣುಗಳು ಗಾಳಿಗೆ ಕೂಡಿಕೊಂಡು ಎರಡು ದಿನದಲ್ಲಿ ಮತ್ತೆ ಕಪ್ಪಾಗುತ್ತವೆ. ಬ್ಲೀಚನ್ನು ಮನೆಯಲ್ಲಿ ಮುಟ್ಟಬೇಡಿ. 36 ಪದರದ ಕಪ್ಪು ಸಮನಾಗಿ ಬಿಡುವುದಿಲ್ಲ, ಚಿರತೆಯ ಮೈಯಂತೆ ಮಚ್ಚೆ ಮಚ್ಚೆಯಾಗುತ್ತದೆ.

ಪ್ರಶ್ನೆ: ಕಿವಿಯ ಪಕ್ಕದ, ಹಣೆಯಂಚಿನ ಬಿಳಿ ಕೂದಲು ಮಾತ್ರ ಬಣ್ಣ ಹಿಡಿಯುವುದೇ ಇಲ್ಲ. ಸ್ಟ್ರಾಂಗ್ ಡೆವಲಪರ್ ತರಲೇ?

ಉತ್ತರ: ಸ್ಟ್ರಾಂಗ್ ಆದರೆ ಕೆಲಸ ಕೆಡುತ್ತದೆ. ಬಾಟಲಿಯ ಮೇಲೆ 10, 20, 30, 40 ವಾಲ್ಯೂಮ್ ಎಂದಿರುತ್ತದಲ್ಲ, ಅದು ಕ್ರಮವಾಗಿ ಶೇ 3, 6, 9 ಮತ್ತು 12ರ ಪೆರಾಕ್ಸೈಡ್. 30, 40 ವಾಲ್ಯೂಮ್‌ಗಳ ಜೋರೆಲ್ಲ ಬಣ್ಣ ಇಳಿಸುವುದಕ್ಕೇ ಹೋಗುತ್ತದೆ, ಚರ್ಮವೂ ಉರಿಯುತ್ತದೆ. ಬಿಳಿ ಮುಚ್ಚಲು ಶೇ 6, ಅಂದರೆ 20 ವಾಲ್ಯೂಮ್ ಸರಿಯಾದ್ದು.

ಆ ಜಾಗದ ಬಿಳಿ ಕೂದಲು ಸಾಮಾನ್ಯವಾಗಿ ಗಡುಸು, ಮೇಲಿನ ಹುರುಪೆಪದರ ಬಿಗಿಯಾಗಿ ಮುಚ್ಚಿಕೊಂಡಿರುತ್ತದೆ. ಹಾಗಾಗಿ ಅಲ್ಲಿಂದಲೇ ಶುರುಮಾಡಿ, ಧಾರಾಳವಾಗಿ ಹಚ್ಚಿ. ತಂತಿಯಂತೆ ಎದ್ದು ನಿಲ್ಲುವ ಎಳೆಗೆ ಎಲ್ಲ ಕಡೆ ಡೈ ತಾಗುವುದಿಲ್ಲ. ಬ್ರಶ್ಶಿನ ಚಪ್ಪಟೆ ಬದಿಯಿಂದ ಒತ್ತಿ ಮಲಗಿಸಿ, ಮೇಲೆ ಇನ್ನಷ್ಟು ಲೇಪ ಕೊಡಿ. ತಾಮ್ರಗೆಂಪು, ಕಡುಗೆಂಪಿನಂಥ ಛಾಯೆಗಳು ಒಂಟಿಯಾಗಿ ಬಿಳಿಯನ್ನು ಮುಚ್ಚಲಾರವು, ಪಾರದರ್ಶಕವಾಗಿ ಮಿಂಚುತ್ತವೆ. ಇಂಥ ಛಾಯೆಯ 5.4 ಬೇಕೆನಿಸಿದರೆ ಅರ್ಧ ಭಾಗ 5.4, ಅರ್ಧ ಭಾಗ ಸಾದಾ 5 ಸೇರಿಸಿ. ಸೂಚನೆಯ ಹಾಳೆ ಎಷ್ಟು ನಿಮಿಷ ಅನ್ನುತ್ತದೋ ಪೂರ್ತಿ ಅಷ್ಟೂ ಬಿಡಿ.

ಪ್ರಶ್ನೆ: ಡೈ ಹಚ್ಚಿದ ಮಾರನೆಯ ದಿನ ನೆತ್ತಿ ಕೆರೆತ, ಕಣ್ಣಿನ ರೆಪ್ಪೆ ಊದಿಕೊಂಡಿತ್ತು. ‘ಅಮೋನಿಯಾ ಇಲ್ಲ’ ಎಂದು ಬರೆದದ್ದನ್ನೇ ತಂದಿದ್ದೆ. ಎಂಟು ವರ್ಷದಿಂದ ಏನೂ ಆಗಿರಲಿಲ್ಲ.

ಉತ್ತರ: ಇಲ್ಲಿ ಅಮೋನಿಯಾ ಲೆಕ್ಕಕ್ಕೇ ಬರುವುದಿಲ್ಲ. ಅದು ಕೂದಲಿನ ಪದರ ತೆರೆಯುವ ಕ್ಷಾರ. ಅದಿಲ್ಲದ ಕಡೆ ಸಾಮಾನ್ಯವಾಗಿ ಎಥನಾಲಮೈನ್ ಇರುತ್ತದೆ, ವಾಸನೆ ಕಡಿಮೆ ಅನ್ನುವುದಷ್ಟೇ ಲಾಭ. ಅಲರ್ಜಿಯ ಮುಖ್ಯ ಕಾರಣ ಪಿಪಿಡಿ, ಪೂರ್ತಿ ಹೆಸರು ಪ್ಯಾರಾಫಿನೈಲೀನ್‌ಡೈಅಮೈನ್. ಗಾಢ ಬಣ್ಣದ ಶಾಶ್ವತ ಡೈಗಳಲ್ಲಿ ಅದೋ ಅದರ ಹತ್ತಿರದ ನೆಂಟನೋ ಇದ್ದೇ ಇರುತ್ತದೆ. ವರ್ಷಗಟ್ಟಲೆ ಒಗ್ಗಿದ್ದು ಒಂದು ದಿನ ಒಗ್ಗದೆ ಹೋಗುವುದೇ ಈ ಅಲರ್ಜಿಯ ಸ್ವಭಾವ, ಒಮ್ಮೆ ಶುರುವಾದ ಮೇಲೆ ಹೋಗುವಂಥದ್ದಲ್ಲ.

ಆ ಡೈ ಇನ್ನು ನಿಮಗಲ್ಲ. ಕಂಪನಿ ಬದಲಿಸಿ ನೋಡುವ ಪ್ರಯೋಗವೂ ಬೇಡ, ಮುಂದಿನ ಸಲ ಊತ ಮುಖಕ್ಕೆ, ಗಂಟಲಿಗೆ ಬರಬಹುದು. ಉಸಿರಾಟಕ್ಕೆ ತೊಂದರೆಯಾದರೆ ತಕ್ಷಣ ಆಸ್ಪತ್ರೆ. ಚರ್ಮದ ವೈದ್ಯರಲ್ಲಿ ಪ್ಯಾಚ್ ಪರೀಕ್ಷೆ ಮಾಡಿಸಿ ಯಾವ ವಸ್ತು ಎಂದು ಖಚಿತಪಡಿಸಿಕೊಳ್ಳಿ. ಮೈಮೇಲೆ ಬಿಡಿಸುವ ‘ಕಪ್ಪು ಮೆಹಂದಿ’ಯಲ್ಲೂ ಪಿಪಿಡಿ ಬೆರೆಸುವುದುಂಟು, ಅದರಿಂದಲೂ ದೂರವಿರಿ.

ಉಳಿದವರಿಗೂ ಒಂದು ಮಾತು. ಸೂಚನೆಯ ಹಾಳೆ ಹೇಳುವ ಕ್ರಮದಲ್ಲಿ ಕಿವಿಯ ಹಿಂದೆ ಅಥವಾ ಮೊಣಕೈಯ ಒಳಮಡಿಕೆಯಲ್ಲಿ ಸ್ವಲ್ಪ ಹಚ್ಚಿ 48 ಗಂಟೆ ಕಾಯಿರಿ, ಅದೂ ಪ್ರತಿ ಸಲ. ಹುಬ್ಬಿಗೆ, ರೆಪ್ಪೆಗೆ ತಲೆಯ ಡೈ ಯಾವತ್ತೂ ಬೇಡ.

ಪ್ರಶ್ನೆ: ಎರಡು ವರ್ಷ ಮೆಹಂದಿ ಹಚ್ಚಿದ ಕೂದಲಿಗೆ ಕ್ರೀಮ್ ಡೈ ಹಚ್ಚಿದರೆ ಸುಟ್ಟುಹೋಗುತ್ತದಂತೆ, ನಿಜವೇ?

ಉತ್ತರ: ಅರ್ಧ ನಿಜ. ಬರೀ ಮೆಹಂದಿ ಎಲೆಯ ಪುಡಿಯಾದರೆ ತೊಂದರೆಯಿಲ್ಲ. ಅದರ ಲಾಸೋನ್ ಎಂಬ ಬಣ್ಣ ಕೂದಲಿನ ಕೆರಟಿನ್‌ಗೆ ಅಂಟಿ ಕಿತ್ತಳೆಗೆಂಪು ಕೊಡುತ್ತದೆ. ಮೇಲೆ ಹಚ್ಚಿದ ಡೈ ಅದಕ್ಕಿಂತ ಗಾಢವಾಗಿದ್ದರೆ ಹಿಡಿಯುತ್ತದೆ, ಕೆಂಪಿನ ಸುಳಿವು ಉಳಿಯುತ್ತದೆ. ಅಪಾಯ ಇರುವುದು ಲೋಹದ ಲವಣ ಬೆರೆಸಿದ ಪುಡಿಗಳಲ್ಲಿ. ಅವು ಪೆರಾಕ್ಸೈಡ್ ಜೊತೆ ಸೇರಿದರೆ ಕೂದಲು ಬಿಸಿಯಾಗಿ ಹೊಗೆಯಾಡುವುದೂ ಉಂಟು, ಮುರಿದು ಕೈಗೆ ಬರುವುದೂ ಉಂಟು. ಮೆಹಂದಿ ಎಲೆ ಒಂದರಿಂದಲೇ ಕಪ್ಪು ಬಣ್ಣ ಬರುವುದಿಲ್ಲ, ಹಾಗಾಗಿ ಪುಡಿ ಕಪ್ಪು ಬಣ್ಣ ಕೊಟ್ಟಿದ್ದರೆ ಅದರಲ್ಲಿ ಬೇರೇನೋ ಇದೆ. ಅದು ನೀಲಿ ಸೊಪ್ಪೋ, ಪಿಪಿಡಿಯೋ, ಲೋಹವೋ ನೋಡಿಕೊಳ್ಳಬೇಕು.

ಬಾಚಣಿಗೆಯಲ್ಲಿ ಬಂದ ಹತ್ತಿಪ್ಪತ್ತು ಕೂದಲನ್ನು ದಾರದಿಂದ ಕಟ್ಟಿ, ಹಚ್ಚಬೇಕೆಂದಿರುವ ಮಿಶ್ರಣದಲ್ಲಿ 45 ನಿಮಿಷ ಅದ್ದಿಡಿ. ಬಟ್ಟಲು ಬೆಚ್ಚಗಾದರೆ, ಗುಳ್ಳೆಯೆದ್ದು ಕೆಟ್ಟ ವಾಸನೆ ಬಂದರೆ, ತೊಳೆದ ಎಳೆಯನ್ನು ಎಳೆದಾಗ ರಬ್ಬರಿನಂತೆ ಹಿಗ್ಗಿ ತುಂಡಾದರೆ, ಆ ಕೂದಲಿಗೆ ಡೈ ಹಚ್ಚುವಂತಿಲ್ಲ.

ಪ್ರಶ್ನೆ: ಕಲಸಿದ ಡೈ ಅರ್ಧ ಉಳಿದಿದೆ. ಮುಚ್ಚಳ ಬಿಗಿದು ಇಟ್ಟುಕೊಳ್ಳಬಹುದೇ?

ಉತ್ತರ: ಇಟ್ಟರೆ ಬಾಟಲಿ ಸಿಡಿದೀತು, ಮಿಶ್ರಣ ಅನಿಲ ಬಿಡುತ್ತಲೇ ಇರುತ್ತದೆ. ಹೇಗೂ ಒಂದು ಗಂಟೆಯ ಮೇಲೆ ಅದಕ್ಕೆ ಬಣ್ಣ ಕೊಡುವ ಶಕ್ತಿಯೂ ಇರುವುದಿಲ್ಲ. ಚೆಲ್ಲಿ. ಕಲಸದೆ ಉಳಿದ ಟ್ಯೂಬನ್ನು ಗಾಳಿ ಹಿಂಡಿ, ಮುಚ್ಚಳ ಹಾಕಿ ಇಡಬಹುದು.

ಪ್ರಶ್ನೆ: ಬಣ್ಣ ಎರಡೇ ವಾರಕ್ಕೆ ಮಾಸುತ್ತದೆ, ಕೂದಲು ಒರಟಾಗಿದೆ, ಬಾಚಿದರೆ ಕೈತುಂಬ ಬರುತ್ತದೆ.

ಉತ್ತರ: ಮೊದಲು ಬಾಚಣಿಗೆಯಲ್ಲಿ ಬಂದದ್ದನ್ನು ಬಿಳಿ ಕಾಗದದ ಮೇಲೆ ಹರಡಿ ನೋಡಿ. ಒಂದು ತುದಿಯಲ್ಲಿ ಸಣ್ಣ ಬಿಳಿ ಗಡ್ಡೆಯಿದ್ದರೆ ಅದು ಬುಡದಿಂದ ಉದುರಿದ್ದು, ದಿನಕ್ಕೆ 50ರಿಂದ 100ರ ತನಕ ಸಹಜ. ಗಡ್ಡೆಯಿಲ್ಲದ, ಉದ್ದ ಗಿಡ್ಡ ಚೂರುಗಳಾದರೆ ಕೂದಲು ನಡುವೆ ಮುರಿಯುತ್ತಿದೆ ಎಂದರ್ಥ. ನಿಮ್ಮ ಪತ್ರ ಓದಿದರೆ ಎರಡನೆಯದೇ ಅನಿಸುತ್ತದೆ, ಅದಕ್ಕೆ ನೆತ್ತಿಗೆ ಹಚ್ಚುವ ಯಾವ ಎಣ್ಣೆಯೂ ಪರಿಹಾರವಲ್ಲ.

ಡೈ ಕ್ಷಾರೀಯ, ಪದರಗಳನ್ನು ಎಬ್ಬಿಸಿಟ್ಟಿರುತ್ತದೆ. ಕಂಡೀಷನರ್ ಕೊಂಚ ಆಮ್ಲೀಯ, ಅವನ್ನು ಮತ್ತೆ ಮಲಗಿಸುತ್ತದೆ. ಪೆಟ್ಟಿಗೆಯಲ್ಲಿ ಬರುವ ಆ ಪುಟ್ಟ ಟ್ಯೂಬನ್ನು ಬಿಸಾಡಬೇಡಿ. ಬಣ್ಣದ ನಂತರ ಎರಡು ದಿನ ಶಾಂಪೂ ಬೇಡ. ಆಮೇಲೂ ಉಗುರುಬೆಚ್ಚಗಿನ ನೀರು, ಶಾಂಪೂ ನೆತ್ತಿಗೆ ಮಾತ್ರ, ಕಂಡೀಷನರ್ ಕಿವಿಯಿಂದ ಕೆಳಗೆ. ಒದ್ದೆ ಕೂದಲು ಹೆಚ್ಚು ಹಿಗ್ಗುತ್ತದೆ, ಬೇಗ ಮುರಿಯುತ್ತದೆ. ಕಂಡೀಷನರ್ ಇರುವಾಗಲೇ ಅಗಲ ಹಲ್ಲಿನ ಬಾಚಣಿಗೆಯಲ್ಲಿ ತುದಿಯಿಂದ ಮೇಲಕ್ಕೆ ಸಿಕ್ಕು ಬಿಡಿಸಿ. ಸ್ನಾನಕ್ಕೆ ಮುಂಚೆ ತುದಿಗಳಿಗೆ ಕೊಬ್ಬರಿ ಎಣ್ಣೆ ಸವರಿದರೆ ಒಳಕ್ಕಿಳಿದು, ತೊಳೆಯುವಾಗಿನ ಹಾನಿ ತಗ್ಗಿಸುತ್ತದೆ. ಕವಲೊಡೆದ ತುದಿಯನ್ನು ಯಾವ ಸೀರಮ್ಮೂ ಬೆಸೆಯುವುದಿಲ್ಲ, ಕತ್ತರಿಯೇ ಗತಿ.

ಪ್ರಶ್ನೆ: ನೇಲ್ ಪಾಲಿಶ್ ಎರಡೇ ದಿನಕ್ಕೆ ಚಕ್ಕೆ ಏಳುತ್ತದೆ, ಮೇಲೆ ಗುಳ್ಳೆ ಬೇರೆ. ಬೆಚ್ಚಗಿನ ನೀರಲ್ಲಿ ಕೈ ನೆನೆಸಿ, ಕ್ರೀಮ್ ಹಚ್ಚಿ, ಬಾಟಲಿ ಚೆನ್ನಾಗಿ ಕುಲುಕಿಯೇ ಹಚ್ಚುತ್ತೇನೆ.

ಉತ್ತರ: ಈ ಮೂರೂ ಶ್ರದ್ಧೆ ಬಿಟ್ಟುಬಿಡಿ. ನೀರು ಕುಡಿದ ಉಗುರು ಉಬ್ಬಿ ಅಗಲವಾಗುತ್ತದೆ. ಅದರ ಮೇಲೆ ಬಣ್ಣ ಒಣಗಿದ ಮೇಲೆ ಉಗುರು ಮತ್ತೆ ಕುಗ್ಗುತ್ತದೆ, ಬಣ್ಣದ ಪೊರೆ ಜೊತೆಗೆ ಕುಗ್ಗಲಾರದೆ ಅಂಚು ಬಿಡುತ್ತದೆ. ಕ್ರೀಮಿನ ಜಿಡ್ಡು ಇದ್ದಲ್ಲಿ ಪೊರೆ ಹಿಡಿಯುವುದೇ ಇಲ್ಲ. ಕುಲುಕಿದರೆ ಗಾಳಿ ಸೇರುತ್ತದೆ. ಬಾಟಲಿಯನ್ನು ಎರಡು ಅಂಗೈ ನಡುವೆ ಉರುಳಿಸಿ, ಸಾಕು.

ಒಣ ಉಗುರನ್ನು ರಿಮೂವರ್ ಅದ್ದಿದ ಹತ್ತಿಯಿಂದ ಒಮ್ಮೆ ಒರೆಸಿ, ಬೇಸ್ ಕೋಟ್ ಹಚ್ಚಿ. ಬ್ರಶ್ಶಿನ ಒಂದು ಬದಿಯನ್ನು ಬಾಟಲಿಯ ಕತ್ತಿಗೆ ಪೂರ್ತಿ ಒರೆಸಿ, ಇನ್ನೊಂದು ಬದಿಯ ತುದಿಯಲ್ಲಿ ಸಣ್ಣ ಹನಿ ಉಳಿಯಲಿ. ಆ ಹನಿಯನ್ನು ಉಗುರಿನ ಬುಡದಿಂದ ತುಸು ಮುಂದೆ ಇಟ್ಟು, ಚರ್ಮಕ್ಕೆ ಕೂದಲೆಳೆಯಷ್ಟು ಅಂತರ ಬಿಟ್ಟು ಹಿಂದಕ್ಕೆ ತಳ್ಳಿ, ಅಲ್ಲಿಂದ ತುದಿಗೆ ಒಂದೇ ಎಳೆತ. ಆಮೇಲೆ ಎಡಕ್ಕೊಂದು, ಬಲಕ್ಕೊಂದು. ಮೊದಲ ಪದರ ಗೆರೆ ಗೆರೆಯಾಗಿ ಕಂಡರೂ ತಿದ್ದಲು ಹೋಗಬೇಡಿ, ಎರಡನೆಯದು ಮುಚ್ಚುತ್ತದೆ. ಪದರಗಳ ನಡುವೆ ಎರಡು ಮೂರು ನಿಮಿಷ. ಕೊನೆಗೆ ಟಾಪ್ ಕೋಟ್, ಅದನ್ನು ಉಗುರಿನ ಮುಂದಿನ ಅಂಚಿನ ದಪ್ಪಕ್ಕೂ ಸವರಿ. ಚಕ್ಕೆ ಏಳಲು ಶುರುವಾಗುವುದೇ ಆ ಅಂಚಿನಿಂದ.

ದಪ್ಪ ಪದರದಲ್ಲೂ ಗುಳ್ಳೆ ಬರುತ್ತದೆ. ಮೇಲ್ಭಾಗ ಮೊದಲು ಒಣಗಿ, ಅಡಿಯ ದ್ರಾವಕ ಆವಿಯಾಗಿ ಹೊರಬರಲು ದಾರಿ ಕಾಣದೆ ಉಬ್ಬುತ್ತದೆ. ಫ್ಯಾನಿನ ಕೆಳಗೆ ಕೂತರೆ ಇದು ಇನ್ನೂ ಹೆಚ್ಚು.

ಪ್ರಶ್ನೆ: ಗಟ್ಟಿಯಾದ ಪಾಲಿಶ್‌ಗೆ ರಿಮೂವರ್ ಹನಿಸಬಹುದೇ? ಪಾಲಿಶ್ ತೆಗೆದರೆ ಉಗುರು ಹಳದಿ ಕಾಣುತ್ತದೆ, ಅದಕ್ಕೇನು?

ಉತ್ತರ: ರಿಮೂವರ್ ಬೇಡ, ಅದರಿಂದ ಪಾಲಿಶ್‌ನ ಹದವೇ ಕೆಟ್ಟು ಮಂಕಾಗಿ ಒಣಗುತ್ತದೆ. ಪಾಲಿಶ್ ಥಿನ್ನರ್ ಎಂದೇ ಸಿಗುತ್ತದೆ, ಪಾಲಿಶ್‌ನಲ್ಲೇ ಇರುವ ಈಥೈಲ್, ಬ್ಯುಟೈಲ್ ಅಸಿಟೇಟ್‌ಗಳು. ಎರಡು ಮೂರು ಹನಿ ಸಾಕು. ಎರಡೂ ಬೆಂಕಿ ಹಿಡಿಯುವಂಥವು, ಒಲೆಯ ಹತ್ತಿರ ಬೇಡ.

ಹಳದಿ ಸಾಮಾನ್ಯವಾಗಿ ಗಾಢ ಕೆಂಪಿನ ಕಲೆ. ಕೆರೆದು ತೆಗೆದರೆ ಉಗುರು ತೆಳುವಾಗುತ್ತದೆ. ಕೈಯುಗುರು ತಿಂಗಳಿಗೆ ಸುಮಾರು 3 ಮಿ.ಮೀ. ಬೆಳೆಯುತ್ತದೆ, ಕಲೆ ತಾನಾಗಿ ಮುಂದೆ ಸಾಗಿ ಕತ್ತರಿಗೆ ಸಿಗುತ್ತದೆ. ಜೆಲ್ ಪಾಲಿಶ್ ಆದರೆ ಸಿಪ್ಪೆಯಂತೆ ಎಬ್ಬಬೇಡಿ, ಉಗುರಿನ ಮೇಲ್ಪದರವೂ ಕಿತ್ತು ಬರುತ್ತದೆ. ಹೊಳಪನ್ನು ಅರದಿಂದ ಉಜ್ಜಿ, ಅಸಿಟೋನ್ ಅದ್ದಿದ ಹತ್ತಿಯಿಟ್ಟು ಫಾಯಿಲ್ ಸುತ್ತಿ 10–15 ನಿಮಿಷ ಬಿಟ್ಟರೆ ತಾನೇ ಸಡಿಲವಾಗುತ್ತದೆ. ಉಗುರು ದಪ್ಪಗಾಗಿ ಪುಡಿಯಾಗುತ್ತಿದ್ದರೆ, ಅಡಿಯ ಚರ್ಮದಿಂದ ಬಿಟ್ಟು ಮೇಲೇಳುತ್ತಿದ್ದರೆ, ಹಸಿರಾಗಿದ್ದರೆ, ಉದ್ದಕ್ಕೆ ಹೊಸದಾಗಿ ಕಪ್ಪು ಗೆರೆ ಮೂಡಿದ್ದರೆ ಪಾಲಿಶ್ ಹಚ್ಚಿ ಮುಚ್ಚದೆ ವೈದ್ಯರಿಗೆ ತೋರಿಸಿ.

ಪ್ರಶ್ನೆ: ಹಣೆಗೆ, ಕಿವಿಗೆ ಹತ್ತಿದ ಡೈ ಕಲೆ ಹೋಗುವುದು ಹೇಗೆ?

ಉತ್ತರ: ಹಚ್ಚುವ ಮೊದಲೇ ಕೂದಲಂಚಿಗೆ ಪೆಟ್ರೋಲಿಯಂ ಜೆಲ್ಲಿ ಸವರಿ, ಆದರೆ ಕೂದಲಿಗೆ ತಾಗಿಸಬೇಡಿ, ತಾಗಿದ ಕಡೆ ಬಣ್ಣ ಹಿಡಿಯುವುದಿಲ್ಲ. ಕಲೆಯಾದರೆ ಒಣಗುವ ಮುಂಚೆ ಎಣ್ಣೆ ಅದ್ದಿದ ಹತ್ತಿಯಿಂದ ಒರೆಸಿ. ಉಳಿದದ್ದು ಎರಡು ಮೂರು ಸ್ನಾನಕ್ಕೆ ಹೋಗುತ್ತದೆ. ನೇಲ್ ಪಾಲಿಶ್ ರಿಮೂವರ್ ಮುಖಕ್ಕೆ ಬೇಡ.