ಫಾಸ್ಟಿಂಗ್ ಶುಗರ್ 118 ಇದೆ, ಮಾತ್ರೆ ಬೇಕಾ, ಅನ್ನ ಬಿಟ್ಟು ಮುದ್ದೆ ತಿಂದ್ರೆ ಸಾಕಾ?

ಫಾಸ್ಟಿಂಗ್ 118, ಕಣ್ಣು ಮಂಜು, ಬಾಯಾರಿಕೆ, ರಾತ್ರಿ ಪದೇ ಪದೇ ಮೂತ್ರಕ್ಕೆ ಏಳೋದು ಅಂತ ಬರ್ದಿದೀರಲ್ಲ, ನನಗಾಗಿದ್ದೂ ಇದೇ. ನಂದೂ 110-120 ಒಳಗೇ ಬರ್ತಿತ್ತು, ಬಾರ್ಡರ್ ಅಷ್ಟೇ ಅಂತ ನೆಮ್ಮದಿಯಾಗಿದ್ದೆ.

ಆದ್ರೆ ನಾನು ಮಾಡ್ತಿದ್ದದ್ದೇನು ಅಂದ್ರೆ, ಬೆಳಗ್ಗೆ ರಕ್ತ ಕೊಡೋದಿದೆ ಅಂದ್ರೆ ಹಿಂದಿನ ದಿನವೇ ಪಥ್ಯ ಶುರು. ರಾತ್ರಿ ಏಳಕ್ಕೇ ಒಂದು ಚಪಾತಿ, ಸೊಪ್ಪಿನ ಪಲ್ಯ, ಆಮೇಲೆ ವಾಕಿಂಗ್. ಬೇರೆ ದಿನ ಅಂಗಡಿ ಬಾಗಿಲು ಹಾಕಿ ಹತ್ತೂವರೆಗೆ ಮನೆಗೆ ಬಂದು ತಟ್ಟೆ ತುಂಬ ಅನ್ನ ಸಾರು ಉಂಡು ಹಂಗೇ ಮಲಗ್ತಿದ್ದೆ. ಅಂದ್ರೆ ಆ ರಿಪೋರ್ಟು ನನ್ನ ದಿನಾಲೂ ಊಟದ್ದಲ್ಲ, ಆ ಒಂದು ರಾತ್ರಿದು. ಊಟ ಆದ್ಮೇಲಿನ ಟೆಸ್ಟಂತೂ ಮಾಡಿಸ್ಲೇ ಇಲ್ಲ, ಎರಡು ಗಂಟೆ ಯಾರು ಕಾಯ್ತಾರೆ ಅಂತ. ಕಣ್ಣು ಮಂಜಾದ್ರೆ ಕನ್ನಡಕದ ಅಂಗಡಿಗೆ ಹೋಗಿ ನಂಬರ್ ಬದಲಾಯಿಸ್ಕೊಂಡು ಬಂದೆ, ಸ್ವಲ್ಪ ದಿನಕ್ಕೆ ಅದೂ ಹೊಂದಲಿಲ್ಲ, ಮತ್ತೆ ಬದಲಾಯಿಸಿದೆ. ಕೊನೆಗೆ ಕಣ್ಣಿನ ಡಾಕ್ಟ್ರು ಹೇಳಿದ್ದು, ಸಕ್ಕರೆ ಏರಿಳಿದ್ರೆ ಕಣ್ಣೊಳಗಿನ ಲೆನ್ಸೇ ಊದಿಕೊಂಡು ನಂಬರ್ ಬದಲಾಗುತ್ತೆ, ಮೊದ್ಲು ಎಚ್‌ಬಿಎ1ಸಿ ಅನ್ನೋ ರಕ್ತದ ಟೆಸ್ಟು ಮಾಡ್ಸಿ ಅಂತ. 9.4 ಬಂತು! 6.5ಕ್ಕೇ ಡಯಾಬಿಟಿಸ್ ಅಂತಾರೆ. ಆ ಟೆಸ್ಟು ಹಿಂದಿನ ಎರಡು ಮೂರು ತಿಂಗಳ ಸರಾಸರಿ ತೋರ್ಸುತ್ತೆ, ಒಂದು ರಾತ್ರಿ ಚಪಾತಿ ತಿಂದ್ರೆ ಇಳಿಯೋದಲ್ಲ ಅದು. ಅಷ್ಟೊತ್ತಿಗೆ ಅಂಗಾಲು ಉರಿ ಶುರುವಾಗಿತ್ತು, ಇವತ್ತಿಗೂ ಪೂರ್ತಿ ಹೋಗಿಲ್ಲ.

ಅದಕ್ಕೇ ಮಾತ್ರೆನಾ ಮುದ್ದೆನಾ ಅನ್ನೋ ಪ್ರಶ್ನೆನೇ ಈಗ ಬೇಡ ಅಂತೀನಿ. ರಕ್ತದಲ್ಲಿ ಸಕ್ಕರೆ ಸುಮಾರು 180 ದಾಟಿದ ಮೇಲೇ ಅದು ಮೂತ್ರದಲ್ಲಿ ಹೋಗೋಕೆ ಶುರುವಾಗೋದು, ಹೋಗ್ತಾ ನೀರನ್ನೂ ಎಳ್ಕೊಂಡು ಹೋಗುತ್ತೆ, ರಾತ್ರಿ ಏಳೋದು ಬಾಯಾರಿಕೆ ಎಲ್ಲ ಅದರಿಂದ. ಬರೀ 118ಕ್ಕೆ ಹಂಗಾಗಲ್ಲ. ಒಂದೋ ದಿನದ ಬೇರೆ ಹೊತ್ತಲ್ಲಿ ಮೇಲೆ ಹೋಗ್ತಿದೆ, ಇಲ್ಲ ಬೇರೆ ಏನೋ ಕಾರಣ ಇದೆ. ಎರಡಕ್ಕೂ ಡಾಕ್ಟ್ರೇ ಬೇಕು.

ಮುದ್ದೆ ವಿಷ್ಯ: ರಾಗಿನೂ ಪಿಷ್ಟಾನೇ ಸ್ವಾಮಿ. ಅನ್ನ ಬಿಟ್ಟು ಎರಡು ದಪ್ಪ ಮುದ್ದೆ ನುಂಗಿದ್ರೆ ಸಕ್ಕರೆ ಏರೇ ಏರುತ್ತೆ. ನಾನೀಗ ಅರ್ಧ ಮುದ್ದೆ, ಬಟ್ಟಲು ತುಂಬ ಸೊಪ್ಪು ಕಾಳಿನ ಸಾರು, ಉಂಡ ಮೇಲೆ ಬೀದಿಲಿ ಒಂದು ಸುತ್ತು. ಕಾಫಿಗೆ ಸಕ್ಕರೆ ಬದಲು ಬೆಲ್ಲ ಹಾಕೋದೂ ಬಿಟ್ಬಿಡಿ, ರಕ್ತಕ್ಕೆ ಎರಡೂ ಒಂದೇ. ಡಾಕ್ಟ್ರು ಮಾತ್ರೆ ಬರೆದ್ರೆ ತಗೊಳ್ಳಿ, ನಂಬರ್ ಇಳೀತು ಅಂತ ನೀವೇ ನಿಲ್ಲಿಸ್ಬೇಡಿ. ಹೊಸ ಕನ್ನಡಕ ಈಗ್ಲೇ ಮಾಡಿಸ್ಬೇಡಿ, ಆದ್ರೆ ಕಣ್ಣಿನ ಡಾಕ್ಟ್ರ ಹತ್ರ ರೆಟಿನಾ (ಕಣ್ಣೊಳಗೆ ಹಿಂದಿರೋ ಪರದೆ) ಪರೀಕ್ಷೆ ಮಾಡಿಸಿ.

ನಾಳೆನೇ ಎಚ್‌ಬಿಎ1ಸಿ, ಫಾಸ್ಟಿಂಗ್, ಊಟದ ಮೊದಲ ತುತ್ತಿಂದ ಎರಡು ಗಂಟೆ ಲೆಕ್ಕ ಹಾಕಿ ಇನ್ನೊಂದು, ಮೂರೂ ಮಾಡಿಸಿ, ಹಿಂದಿನ ರಾತ್ರಿ ದಿನಾ ಉಣ್ಣೋದನ್ನೇ ಉಣ್ಣಿ. ಅಷ್ಟರಲ್ಲಿ ವಾಂತಿ, ಹೊಟ್ಟೆನೋವು, ಜೋರು ಜೋರಾಗಿ ಉಸಿರಾಡೋದು, ಮಂಪರು ಇದೆಲ್ಲ ಕಾಣಿಸ್ಕೊಂಡ್ರೆ ಲ್ಯಾಬಿಗಲ್ಲ, ಸೀದಾ ದೊಡ್ಡಾಸ್ಪತ್ರೆ ಎಮರ್ಜೆನ್ಸಿಗೆ ಹೋಗಿ.